ಸಾಂಗ್ಲಿಯ ಅರಿಶಿನ, ಮಿರಜಿನ ಗಡಿಯಾರ

ಸಾಂಗ್ಲಿ ಅಂದರೆ ಅರಿಶಿನ, ಮಿರಜ ಅಂದರೆ ದವಾಖಾನೆ ಮತ್ತು ತಂಬೂರಿ. ನಮ್ಮ ಗಡಿಭಾಗದ ರೈತರಿಗೆ, ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ಜೋಡಿ ಊರುಗಳಲ್ಲಿ ಇನ್ನೊಂದು ಸಣ್ಣ ವ್ಯಾಪಾರವೂ ಸದ್ದಿಲ್ಲದೆ ನಡೆಯುತ್ತದೆ. ಅದು ಹಳೆಯ ಸ್ವಿಸ್ ಕೈಗಡಿಯಾರಗಳ ವ್ಯಾಪಾರ. ಅರಿಶಿನ ಮಾರಿದ ದುಡ್ಡು ಕಿಸೆಯಲ್ಲಿದೆ, ಮನೆಯಲ್ಲಿ ಮದುವೆ ಗೊತ್ತಾಗಿದೆ. ಅಂಥ ಹೊತ್ತಿನಲ್ಲಿ ರಿಪೇರಿ ಅಂಗಡಿಯ ಗಾಜಿನ ಪೆಟ್ಟಿಗೆಯೊಳಗೆ ತೆಳ್ಳನೆಯ ಬಂಗಾರ ಬಣ್ಣದ ಗಡಿಯಾರ ಕಣ್ಣಿಗೆ ಬಿದ್ದರೆ ಕಾಲು ತಾನಾಗಿ ನಿಲ್ಲುತ್ತದೆ. ನಿಲ್ಲಲಿ, ಕೊಳ್ಳಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಅರಿಶಿನದ ಖರೀದಿದಾರ ಮಾಲು ನೋಡುವ ಹಾಗೆ ಗಡಿಯಾರವನ್ನೂ ನೋಡಬೇಕು ಎಂಬುದು ನನ್ನ ವಾದ.

ಆತ ಏನು ಮಾಡುತ್ತಾನೆ? ಪಾಲಿಶ್ ಹೊಡೆದ ಕೊಂಬಿನ ಹೊಳಪಿಗೆ ಮರುಳಾಗುವುದಿಲ್ಲ. ಕೊಂಬು ಮುರಿದು ಒಳಗಿನ ಬಣ್ಣ ನೋಡುತ್ತಾನೆ. ಮುರಿಯುವಾಗ ಬರುವ ಸಪ್ಪಳ ಕೇಳುತ್ತಾನೆ, ಮೂಸುತ್ತಾನೆ. ಆಮೇಲೆ ದರದ ಮಾತು. ಅದೇ ಮನುಷ್ಯ ಗಡಿಯಾರದ ಅಂಗಡಿಯಲ್ಲಿ ಮಾತ್ರ ಹೊಳಪು ನೋಡಿ ನೋಟು ಎಣಿಸುತ್ತಾನೆ. ಇದು ನನಗೆ ಬಹಳ ದಿನದಿಂದ ಬಿಡಿಸಲಾಗದ ಒಗಟು.

ನಾನು ಹೇಳುತ್ತಿರುವುದು ಹೊಲಕ್ಕೆ ಕಟ್ಟಿಕೊಂಡು ಹೋಗುವ ಗಡಿಯಾರವಲ್ಲ. ಇದು ಮದುವೆ ಮುಂಜಿಗೆ, ಸಭೆಗೆ ಕಟ್ಟುವಂಥದ್ದು. ಡಯಲ್ ಸಾದಾ, ಕೇಸು ತೆಳು, ಚರ್ಮದ ಪಟ್ಟಿ, ಅಂಗಿಯ ತೋಳಿನೊಳಗೆ ಸರಾಗವಾಗಿ ಸೇರಿಕೊಳ್ಳಬೇಕು. ಎಷ್ಟೋ ಗಡಿಯಾರಗಳಲ್ಲಿ ಸೆಕೆಂಡಿನ ಮುಳ್ಳೇ ಇರುವುದಿಲ್ಲ. ಇಂಗ್ಲಿಷಿನಲ್ಲಿ ಆ ಮುಳ್ಳಿಗೂ 'ಸೆಕೆಂಡ್ ಹ್ಯಾಂಡ್', ಹಳೇ ಮಾಲಿಗೂ 'ಸೆಕೆಂಡ್ ಹ್ಯಾಂಡ್'. ಹೀಗಾಗಿ ಸೆಕೆಂಡ್ ಹ್ಯಾಂಡ್ ಇಲ್ಲದ ಸೆಕೆಂಡ್ ಹ್ಯಾಂಡ್ ಗಡಿಯಾರ ಇದು! ಎರಡು ಭಾಷೆಯಲ್ಲಿ ಪದ್ಯ ಬರೆಯುವವನಿಗೆ ಇಂಥ ಹುಚ್ಚು ಇದ್ದದ್ದೇ.

ಇವು ಇಲ್ಲಿಗೆ ಬಂದದ್ದು ಹೇಗೆ? ಸಾಂಗ್ಲಿ, ಮಿರಜ ಎರಡೂ ಪಟವರ್ಧನ ಮನೆತನದ ಸಂಸ್ಥಾನಗಳಾಗಿದ್ದವು. ನಮ್ಮ ತೇರದಾಳ, ಶಿರಹಟ್ಟಿಗಳು ಸಾಂಗ್ಲಿಗೆ, ಲಕ್ಷ್ಮೇಶ್ವರ ಮಿರಜಿಗೆ ಸೇರಿದ್ದವು. ದರಬಾರಿನವರು, ವಕೀಲರು, ಡಾಕ್ಟರರು, ಅಡತಿಯವರು ಕೈಗಡಿಯಾರ ಕಟ್ಟುವ ಕಾಲಕ್ಕೆ ಮುಂಬೈ ಮಾರುಕಟ್ಟೆಯಲ್ಲಿ ಸ್ವಿಸ್ ಮಾಲೇ ಮಾಲು. ಫಾವ್ರ್ ಲ್ಯೂಬಾ, ವೆಸ್ಟ್ ಎಂಡ್, ಒಮೆಗಾ ಹೆಸರುಗಳನ್ನು ಹಿರಿಯರು ಈಗಲೂ ಹೇಳುತ್ತಾರೆ. ಸ್ವಾತಂತ್ರ್ಯದ ನಂತರ ಆಮದಿಗೆ ಬಿಗಿ ಕಟ್ಟಳೆ ಬಂತು. ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಎಚ್‌ಎಂಟಿ ಗಡಿಯಾರ ಶುರುವಾಯಿತು. ಆದರೂ ಸ್ವಿಸ್ ಗಡಿಯಾರದ ಆಸೆ ಹೋಗಲಿಲ್ಲ, ಕಳ್ಳ ಮಾಲು ಬಂದೇ ಬಂತು. 1962ರ ಕಸ್ಟಮ್ಸ್ ಕಾಯ್ದೆಯ 123ನೇ ಕಲಮಿನಲ್ಲಿ ಚಿನ್ನದ ಜೊತೆಗೆ ಕೈಗಡಿಯಾರವನ್ನೂ ಸೇರಿಸಿದ್ದಾರೆ. ಕಳ್ಳಸಾಗಣೆಯ ಮಾಲೆಂದು ಅಧಿಕಾರಿಗಳು ಹಿಡಿದರೆ, ಅಲ್ಲವೆಂದು ತೋರಿಸುವ ಹೊಣೆ ಇಟ್ಟುಕೊಂಡವನದೇ. ಕಳ್ಳ ಮಾಲಿಗೆ ಬಿಲ್ಲು ಎಲ್ಲಿಂದ ಬರಬೇಕು? ಬಿಲ್ಲಿದ್ದ ಮನೆಗಳಲ್ಲೂ ಅದು ಅಜ್ಜನ ಕಾಲಕ್ಕೇ ಕಳೆದು ಹೋಗಿರುತ್ತದೆ. ಆದ್ದರಿಂದ ಹಳೇ ಗಡಿಯಾರಕ್ಕೆ ಕಾಗದಪತ್ರ ಇಲ್ಲವೆಂದ ಮಾತ್ರಕ್ಕೆ ಅದು ಖೋಟಾ ಎನ್ನುವಂತಿಲ್ಲ. ಮಾಲನ್ನೇ ಓದಬೇಕು.

ಓದುವುದು ಹೇಗೆಂದು ಹೇಳಲು ಕಳೆದ ಹಂಗಾಮಿನ ಒಂದು ಸಂಗತಿ ಸಾಕು. ದುಗ್ಗಿರಾಲ ಕಡೆಯ ಅರಿಶಿನದ ವ್ಯಾಪಾರಿಯೊಬ್ಬರು ಸಾಂಗ್ಲಿಗೆ ಬಂದಿದ್ದರು. ಅವರಿಗೆ ತೆಲುಗು ಬಿಟ್ಟರೆ ಬೇರೆ ಮಾತು ಬಾರದು. ಮಗಳ ಮದುವೆ ಗೊತ್ತಾಗಿ, ಅಳಿಯನಿಗೆ ಬಂಗಾರದ ಸ್ವಿಸ್ ಗಡಿಯಾರ ಹಾಕುತ್ತೇನೆಂದು ಬೀಗರ ಮುಂದೆ ಮಾತು ಕೊಟ್ಟುಬಿಟ್ಟಿದ್ದರು. ಹೊಸದರ ಬೆಲೆ ಕೇಳಿ ಎದೆ ಒಡೆದು ಹಳೇದಾದರೂ ಆದೀತೆಂದು ನನ್ನನ್ನು ಮಾತಿಗೆ ಕರೆದುಕೊಂಡು ಹೊರಟರು.

ಸಾಂಗ್ಲಿ ಪೇಟೆಯ ಒಂದು ಅಂಗಡಿಯಲ್ಲಿ ಚೆಂದದ ಗಡಿಯಾರ ತೋರಿಸಿದರು. 'ಬಂಗಾರದ್ದು ಐತ್ರಿ, ಒಂದು ಲಕ್ಷ ಹತ್ತು ಸಾವಿರ' ಅಂದರು. ಬೆನ್ನು ಬಿಚ್ಚಿ ತೋರಿಸಿರೆಂದರೆ 'ತಗದರ ಮಶೀನ್ ಕೆಡತೈತ್ರಿ' ಅನ್ನುವ ಉತ್ತರ. ನಾನು ವ್ಯಾಪಾರಿಯ ಕೈ ಹಿಡಿದು ಹೊರಗೆ ಕರೆತಂದೆ. ಗೊತ್ತಿರುವವನು ಸರಿಯಾದ ಹತ್ಯಾರದಿಂದ ಬಿಚ್ಚಿದರೆ ಯಾವ ಮಶೀನೂ ಕೆಡುವುದಿಲ್ಲ. ಚೀಲದ ಬಾಯಿ ಬಿಚ್ಚಲು ಒಪ್ಪದವನ ಹತ್ತಿರ ನಾವು ಅರಿಶಿನ ಕೊಳ್ಳುತ್ತೇವೆಯೇ?

ಮಿರಜಿನಲ್ಲಿ ಎಪ್ಪತ್ತು ದಾಟಿದ ರಿಪೇರಿಯವರೊಬ್ಬರ ಹತ್ತಿರ ಹೋದೆವು. ಅವರದು ಅರ್ಧ ಮರಾಠಿ, ಅರ್ಧ ಕನ್ನಡ. 'ಕೂಡ್ರಿ ಯಜಮಾನ್ರ, ಗಡಬಡಿ ಏನಿಲ್ಲ' ಎಂದು ಚಹಾ ತರಿಸಿ, ಎರಡು ಗಡಿಯಾರ ಮುಂದಿಟ್ಟು, ಕೇಳುವ ಮೊದಲೇ ಎರಡರ ಬೆನ್ನೂ ಬಿಚ್ಚಿದರು.

ಮೊದಲನೆಯದು ನೋಡಲು ಬಲು ಚೆಂದ, ಡಯಲ್ ಹೊಸದರಂತೆ ಬೆಳ್ಳಗೆ. ಆದರೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ನೋಡಿದರೆ ಕೆಳಗಿನ 'ಸ್ವಿಸ್ ಮೇಡ್' ಅಕ್ಷರ ದಪ್ಪ, ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ಸರಿಯಾಗಿ ಕೂತಿಲ್ಲ. ಅಂದರೆ ಮರುಬಣ್ಣ. ಹಳೇ ಡಯಲಿಗೆ ಬಣ್ಣ ಹೊಡೆದು ಹೆಸರು ಅಚ್ಚು ಹಾಕುವ ಕೆಲಸ ಮುಂಬೈಯಲ್ಲಿ ದೊಡ್ಡ ದಂಧೆ. ಬಣ್ಣ ಮಾಸಿದ, ಅಲ್ಲಲ್ಲಿ ಚುಕ್ಕೆ ಬಿದ್ದ ಮೂಲ ಡಯಲಿಗೇ ತಿಳಿದವರು ಹೆಚ್ಚು ಬೆಲೆ ಕೊಡುತ್ತಾರೆ. ನಮ್ಮವರು ಹೊಸ ಬಣ್ಣಕ್ಕೆ ಹೆಚ್ಚು ಕೊಡುತ್ತಾರೆ!

ಒಳಗೆ ನೋಡಿದರೆ ಎರಡನೆಯದರ ಚಕ್ರಗಳ ಸಂದಿಯಲ್ಲಿ, ಕೀಲಿ ಕೊಡುವ ಕಡ್ಡಿಯ ಬುಡದಲ್ಲಿ ಕೆಂಪಗೆ ತುಕ್ಕು. 'ಇದು ಮಹಾಪೂರದ ನೀರು ಕುಡದೈತ್ರಿ' ಅಂದರು ಹಿರಿಯರು ತಾವಾಗಿಯೇ. ಆಗಸ್ಟ್ 2019ರಲ್ಲಿ ಸಾಂಗ್ಲಿಯ ಇರ್ವಿನ್ ಸೇತುವೆಯ ಬಳಿ ಕೃಷ್ಣೆ 57 ಅಡಿ ದಾಟಿದ್ದಳು. ಅಪಾಯದ ಮಟ್ಟ 45 ಅಡಿ. ಪೇಟೆಯ ಕಪಾಟುಗಳೊಳಗೂ ನೀರು ನುಗ್ಗಿತ್ತು. ಅದಕ್ಕೂ ಮೊದಲು 2005ರ ನೆರೆಯಲ್ಲಿ ಹರಿಪುರದ ಅರಿಶಿನದ ಪೇವುಗಳು ಹಾಳಾದದ್ದು ನಮಗೆಲ್ಲ ನೆನಪಿದೆ. ನೆನೆದ ಅರಿಶಿನ ವಾಸನೆಯಿಂದಲೇ ಸಿಕ್ಕಿಬೀಳುತ್ತದೆ. ಗಡಿಯಾರ ಹಾಗಲ್ಲ, ಒರೆಸಿ ಎಣ್ಣೆ ಬಿಟ್ಟರೆ ನಾಲ್ಕು ತಿಂಗಳು ಓಡಿ ಆಮೇಲೆ ಮಲಗುತ್ತದೆ. ನೆರೆ ಕಂಡ ಊರಿನಲ್ಲಿ ಹಳೇ ಗಡಿಯಾರ ಕೊಳ್ಳುವವರು ಮೊದಲು ತುಕ್ಕು ಹುಡುಕಬೇಕು.

ಮಶೀನಿನ ಮೇಲೆ ಕಂಪನಿಯ ಹೆಸರಿದೆಯೇ ಎಂಬುದನ್ನೂ ನೋಡಬೇಕು. ಡಯಲ್ ಮೇಲೆ ಒಂದು ಹೆಸರು, ಒಳಗೆ ಇನ್ನಾವುದೋ ಮಶೀನು ಇರುವ ಗಡಿಯಾರಗಳು ಬೇಕಾದಷ್ಟಿವೆ. ಮೈ ಒಬ್ಬನದು, ಜೀವ ಇನ್ನೊಬ್ಬನದು. ಮೊದಲ ಗಡಿಯಾರದಲ್ಲಿ ಹೆಸರು ಸರಿಯಾಗಿತ್ತು. ಹಿರಿಯರು ಅದನ್ನು ಬಡಿತ ಅಳೆಯುವ ಪುಟ್ಟ ಯಂತ್ರದ ಮೇಲಿಟ್ಟರು. ಹಳೇ ಕೀಲಿ ಗಡಿಯಾರಗಳು ಸಾಮಾನ್ಯವಾಗಿ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ ಐದು ಸಲ ಬಡಿಯುತ್ತವೆ. ಪರದೆಯ ಮೇಲೆ ಗೆರೆ ನೆಟ್ಟಗೆ ಓಡಿತು. '17 ಜ್ಯುವೆಲ್' ಎಂಬ ಬರಹ ನೋಡಿ ವ್ಯಾಪಾರಿಯ ಕಣ್ಣು ಅರಳಿತು. ಅವು ಕಾರ್ಖಾನೆಯಲ್ಲಿ ತಯಾರಾದ ಕೆಂಪು ಕಲ್ಲು, ಚಕ್ರದ ಅಚ್ಚು ಸವೆಯದಿರಲಿ ಅಂತ ಕೂಡಿಸಿದ್ದು, ಅಕ್ಕಸಾಲಿಗನಿಗೆ ಬೇಡದ ಕಲ್ಲು ಎಂದು ನಾನು ತಿಳಿಸಿ ಹೇಳಬೇಕಾಯಿತು.

ಇನ್ನು ಬಂಗಾರದ ಮಾತು. 'ಅನ್ನಯ್ಯಾ, ಇದಿ ನಿಜಂಗಾ ಬಂಗಾರಮೇನಾ?' ಎಂದು ಅವರು ನನ್ನನ್ನು ಕೇಳಿದರು. ನಾನು ಅದನ್ನೇ ಕನ್ನಡದಲ್ಲಿ ಕೇಳಿದೆ. ಹಿರಿಯರು ಪಟ್ಟಿ ಬಿಚ್ಚಿ, ಪಟ್ಟಿ ಕೂಡುವ ಕೊಂಬುಗಳ ನಡುವೆ ಕೆತ್ತಿದ ಸಣ್ಣ ಅಕ್ಷರ ತೋರಿಸಿದರು: 20 ಮೈಕ್ರಾನ್. ಅಂದರೆ ಒಂದು ಮಿಲಿಮೀಟರಿನ ಐವತ್ತರಲ್ಲಿ ಒಂದು ಪಾಲು ದಪ್ಪದ ಬಂಗಾರ, ಒಳಗೆ ಬೇರೆ ಲೋಹ. 'ಗಿಲೀಟು ಐತ್ರಿ' ಅಂದರು. ಅದಕ್ಕೆ ನನ್ನ ಅನುವಾದವೇ ಬೇಕಾಗಲಿಲ್ಲ. ತೆಲುಗಿನಲ್ಲೂ ಅದು 'ಗಿಲ್ಟು'. ವ್ಯಾಪಾರಿಯ ಮುಖ ಬಾಡಿತು.

ಗಟ್ಟಿ ಬಂಗಾರದ ಸ್ವಿಸ್ ಕೇಸಿನೊಳಗೆ ಬೇರೆ ಗುರುತುಗಳಿರುತ್ತವೆ. 18 ಕ್ಯಾರೆಟ್ಟಿಗೆ 750 ಎಂಬ ಅಂಕಿ, ಜೊತೆಗೆ 1995ಕ್ಕೆ ಮುಂಚಿನವಾದರೆ ಹೆಣ್ಣಿನ ತಲೆಯ ಮುದ್ರೆ, ನಂತರದವಾದರೆ ನಾಯಿಯ ತಲೆಯ ಮುದ್ರೆ. ನಮ್ಮ ಸರಕಾರದ ಹಾಲ್‌ಮಾರ್ಕ್ ಇಲ್ಲವಲ್ಲ ಎಂದು ಕೆಲವರು ತಕರಾರು ತೆಗೆಯುತ್ತಾರೆ. 2021ರಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾದಾಗ ಗಡಿಯಾರಗಳಿಗೆ ವಿನಾಯಿತಿ ಕೊಟ್ಟಿದ್ದಾರೆ. ಆದ್ದರಿಂದ ಮಾರುವವನ ಬಾಯಿಮಾತು ನಂಬದೆ ಮಶೀನು ತೆಗೆಸಿ ಬರೀ ಕೇಸು ತೂಗಿಸಿ, ಅಕ್ಕಸಾಲಿಗನಿಗೆ ತೋರಿಸಬೇಕು. ತೆಳ್ಳನೆಯ ಕೇಸಿನಲ್ಲಿ ಬಂಗಾರ ನಾವು ಅಂದುಕೊಂಡಷ್ಟು ಇರುವುದೂ ಇಲ್ಲ.

ಅಂಗಡಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮಾತು ಕೊಟ್ಟಾಗಿದೆ, ಬೀಗರು ಊರೆಲ್ಲ ಹೇಳಿಕೊಂಡಿದ್ದಾರೆ. ನಾಳೆ ಅಳಿಯ ಯಾವುದೋ ಅಕ್ಕಸಾಲಿಗನ ಒರೆಗಲ್ಲಿಗೆ ತಿಕ್ಕಿಸಿದರೆ ಮಾತು ಕೇಳಬೇಕಾದವಳು ಮಗಳು. ಅಪ್ಪ ಅಲ್ಲ. ವ್ಯಾಪಾರಿ ಇದನ್ನೇ ತೆಲುಗಿನಲ್ಲಿ ತಮ್ಮಷ್ಟಕ್ಕೆ ಅಂದುಕೊಳ್ಳುತ್ತಿದ್ದರು. ಸಾಂಗ್ಲಿಯ ಗಡಿಯಾರವನ್ನೇ ತರೋಣವೇ ಎಂದೂ ಒಮ್ಮೆ ಕೇಳಿದರು. ಬೆನ್ನು ಬಿಚ್ಚದ ಮಾಲು ಬಂಗಾರವೋ ಗಿಲೀಟೋ ಯಾರು ಬಲ್ಲರು ಎಂದೆ. ಕೊನೆಗೆ ಅವರೇ ದಾರಿ ಕಂಡುಕೊಂಡರು. ಬಂಗಾರಕ್ಕೆ ಉಂಗುರ ಬೇರೆ ಮಾಡಿಸುತ್ತೇನೆ, ಗಡಿಯಾರ ಗಡಿಯಾರವಾಗಿ ಇರಲಿ, ಇದ್ದದ್ದನ್ನು ಇದ್ದ ಹಾಗೆ ಬೀಗರಿಗೆ ಹೇಳುತ್ತೇನೆ ಎಂದರು.

ಹಿರಿಯರು ಮೊದಲನೆಯದಕ್ಕೆ ನಲವತ್ತು ಕೇಳಿ, ಮೂವತ್ತಾರು ಸಾವಿರಕ್ಕೆ ಬಂದರು. ಮರುಬಣ್ಣಕ್ಕೆ ಇಷ್ಟು, ಗಿಲೀಟು ಸವೆದದ್ದಕ್ಕೆ ಇಷ್ಟು ಎಂದು ತಾವೇ ಮುರಿದುಕೊಂಡರು. ಬಿಚ್ಚಿ ತೊಳೆದು ಎಣ್ಣೆ ಹಾಕುವ ಕೂಲಿ ಅದರಲ್ಲೇ ಸೇರಿತ್ತು. ಇದನ್ನು ಮೊದಲೇ ಕೇಳಿಕೊಳ್ಳದಿದ್ದರೆ ಆಮೇಲೆ ಅದೇ ಒಂದು ದೊಡ್ಡ ಖರ್ಚು. ದುಬಾರಿ ಗಡಿಯಾರ ಕೊಳ್ಳುವವರು ಇನ್ನೊಂದನ್ನು ನೆನಪಿಡಬೇಕು. 2017ರಿಂದ ಮಾರುವವನು ಎರಡು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ದುಡ್ಡನ್ನು ರೋಖ ತೆಗೆದುಕೊಳ್ಳುವಂತಿಲ್ಲ. ಚೀಲದಲ್ಲಿ ನೋಟು ಕಟ್ಟಿಕೊಂಡು ಹೋಗಿ ಪ್ರಯೋಜನವಿಲ್ಲ, ಬ್ಯಾಂಕಿನ ಮೂಲಕವೇ ಕೊಡಬೇಕು.

ನಾನು ಹಟ ಹಿಡಿದದ್ದು ಪಾವತಿಗೆ. ಬರೀ 'ಹಳೇ ಗಡಿಯಾರ ಒಂದು' ಎಂದು ಬರೆದರೆ ನಾಳೆ ಯಾವುದಕ್ಕೂ ಬಾರದು. ಹಿರಿಯರು ಬೇಸರಪಡಲಿಲ್ಲ. ಕನ್ನಡಕ ಏರಿಸಿ ಮರಾಠಿಯಲ್ಲಿ ಬರೆದರು: ಮಶೀನು ಮೂಲದ್ದು, ಅದರ ಮೇಲಿನ ನಂಬರು ಇಂಥದ್ದು, ಡಯಲ್ ಮರುಬಣ್ಣ, ಕೇಸು ಗಿಲೀಟು 20 ಮೈಕ್ರಾನ್, ಆರು ತಿಂಗಳು ನಿಂತರೆ ಪುಕ್ಕಟೆ ರಿಪೇರಿ. ಅದರ ಕೆಳಗೆ ನಾನು ಸಾಲು ಸಾಲಾಗಿ ತೆಲುಗಿನಲ್ಲಿ ಬರೆದುಕೊಟ್ಟೆ. ವ್ಯಾಪಾರಿ ಎರಡು ಸಲ ಓದಿ, ಮಡಚಿ, ಗಡಿಯಾರದ ಡಬ್ಬಿಯೊಳಗೇ ಇಟ್ಟುಕೊಂಡರು.