ಮಧ್ಯರಾತ್ರಿಯ ಜೋಡಿ ಚಿತ್ರಗಳು

ಒಂದೇ ಟಿಕೆಟ್ಟಿಗೆ ಎರಡು ಚಿತ್ರಗಳನ್ನು ಒಂದರ ಹಿಂದೊಂದು ತೋರಿಸುವ ‘ಡಬಲ್ ಫೀಚರ್’ ಪದ್ಧತಿಯು, 1930ರ ದಶಕದ ಆರ್ಥಿಕ ಮಹಾಕುಸಿತದಲ್ಲಿ ಪ್ರೇಕ್ಷಕರನ್ನು ಮರಳಿ ಸೆಳೆಯುವ ಉಪಾಯವಾಗಿ ಅಮೆರಿಕದಲ್ಲಿ ವ್ಯಾಪಕವಾಯಿತು. ಬಿಡುಗಡೆಯಾದಾಗ ಸೋತರೂ, ಮತ್ತೆ ಮತ್ತೆ ನೋಡುವ ಚಿಕ್ಕ ಆದರೆ ನಿಷ್ಠಾವಂತ ಅಭಿಮಾನಿ ವರ್ಗವನ್ನು ಕ್ರಮೇಣ ಗಳಿಸಿಕೊಂಡ ಚಿತ್ರವನ್ನು ಸಾಮಾನ್ಯವಾಗಿ ‘ಕಲ್ಟ್’ ಎನ್ನಲಾಗುತ್ತದೆ. 1970ರಲ್ಲಿ ನ್ಯೂಯಾರ್ಕಿನ ಎಲ್ಜಿನ್ ಚಿತ್ರಮಂದಿರದಲ್ಲಿ ‘ಎಲ್ ತೋಪೊ’ ಮಧ್ಯರಾತ್ರಿಯ ಪ್ರದರ್ಶನಗಳಿಂದಲೇ ಹೆಸರಾದ ಮೇಲೆ, ಇಂಥವುಗಳಿಗೆ ಆ ಹೊತ್ತೇ ರೂಢಿಯಾಯಿತು.

ಇಂಥ ಎರಡು ಚಿತ್ರಗಳನ್ನು ಒಂದೇ ರಾತ್ರಿ ಒಟ್ಟಿಗೆ ತೋರಿಸುವಾಗ, ಆಯ್ಕೆಯ ನಿಜವಾದ ಕಷ್ಟವಿರುವುದು ಜೋಡಿಯ ಹೊಂದಾಣಿಕೆಯಲ್ಲಿ. ಎಡ್ ವುಡ್ ನಿರ್ದೇಶನದ ‘ಪ್ಲ್ಯಾನ್ 9 ಫ್ರಮ್ ಔಟರ್ ಸ್ಪೇಸ್’ 80 ನಿಮಿಷವೂ ಇಲ್ಲದ, ಅಗ್ಗದ ಸೆಟ್ಟುಗಳಿಂದ ನಗೆಪಾಟಲಾದ ಚಿತ್ರ. ಅದನ್ನು ತೋರಿಸಿ, ಅದರ ತಯಾರಿಯ ಪಾಡನ್ನೂ ಹೇಳುವ ಟಿಮ್ ಬರ್ಟನ್‌ರ ‘ಎಡ್ ವುಡ್’ (1994) ಅನ್ನು ಬಳಿಕ ಇಟ್ಟರೆ, ಮೊದಲು ನಕ್ಕ ಪ್ರೇಕ್ಷಕನಲ್ಲಿ ಆ ನಿರ್ದೇಶಕನ ಬಗ್ಗೆ ಮರುಕ ಹುಟ್ಟುತ್ತದೆ. ಈ ಕ್ರಮವನ್ನು ತಿರುವುಮುರುವು ಮಾಡಿದರೆ ನಗೆಯೇ ಮೊಂಡಾದೀತು. ಡೇವಿಡ್ ಲಿಂಚ್‌ರ ‘ಇರೇಸರ್‌ಹೆಡ್’ನಂಥ (1977) ಭಾರವಾದ ಚಿತ್ರಕ್ಕೆ ಅಷ್ಟೇ ಭಾರದ ಇನ್ನೊಂದನ್ನು ಜೊತೆಗೂಡಿಸುವುದು ಪ್ರೇಕ್ಷಕರ ಮೇಲಿನ ದೌರ್ಜನ್ಯವೇ ಸರಿ. ಜನರು ವೇಷ ತೊಟ್ಟು, ತೆರೆಯತ್ತ ಕೂಗುತ್ತ ನೋಡುವ ‘ದಿ ರಾಕಿ ಹಾರರ್ ಪಿಕ್ಚರ್ ಶೋ’ (1975) ಮಾತ್ರ ಎರಡನೆಯದಾಗಿಯೇ ಇರಬೇಕು. ಆ ಗದ್ದಲದ ನಂತರ ಬೇರಾವ ಚಿತ್ರವೂ ನಿಲ್ಲುವುದಿಲ್ಲ.