ಮಡುವಿನ ಕಟ್ಟಳೆ ಕಡಲಿಗೂ ಬೇಕು

ಮಂಗಳೂರಿನ ಧಕ್ಕೆಯಿಂದ ಹೊರಟ ಮೀನಿನ ವಾಹನವು ಬಂಟ್ವಾಳವನ್ನು ದಾಟಿ ಮಡಂತ್ಯಾರಿನ ಪೇಟೆಗೆ ಬರುವಷ್ಟರಲ್ಲಿ ಕಡಲು ಬಹುದೂರ ಹಿಂದುಳಿದಿರುತ್ತದೆ. ಆದರೂ ಬೂತಾಯಿ ಬಂಗುಡೆಗಳ ಬೆಲೆಯೇರಿದಂದು ಕಡಲಿನ ಬಡತನವು ಇಲ್ಲಿಯ ಅಡಿಗೆಮನೆಗೂ ತಿಳಿದುಬರುತ್ತದೆ. ಆದುದರಿಂದ ಮತ್ಸ್ಯಸಂಪತ್ತಿನ ರಕ್ಷಣೆಯು ಕರಾವಳಿಯವರ ಚಿಂತೆಯೆಂದು ಘಟ್ಟದ ಬುಡದವರಾದ ನಾವು ಸುಮ್ಮನಿರುವುದು ಯುಕ್ತವಲ್ಲ.

ಅಲ್ಲದೆ, ಈ ವಿಷಯದಲ್ಲಿ ಕಡಲಿಗೆ ಪಾಠವಾಗತಕ್ಕ ಸ್ಥಳವೊಂದು ನಮ್ಮ ಬೆಳ್ತಂಗಡಿ ತಾಲೂಕಿನಲ್ಲಿಯೇ ಇದೆ. ಶಿಶಿಲೇಶ್ವರ ದೇವಾಲಯದ ಬಳಿಯ ಕಪಿಲಾ ನದಿಯಲ್ಲಿ ಪೆರುವೋಳು ಮೀನುಗಳು ಮನುಷ್ಯರಿಗೆ ಹೆದರದೆ ದಡದ ಹತ್ತಿರಕ್ಕೇ ಬರುವುದನ್ನು ವಾಚಕರಲ್ಲನೇಕರು ಕಂಡಿರಬಹುದು. ಅವು ದೇವರ ಮೀನುಗಳು. ಅವನ್ನು ಹಿಡಿಯಕೂಡದೆಂಬುದು ಅಲ್ಲಿಯ ಕಟ್ಟಳೆ. ಶೃಂಗೇರಿಯ ತುಂಗೆಯಲ್ಲಿಯೂ ಇದೇ ಪದ್ಧತಿಯುಂಟು. ಇಂದಿನ ವಿಜ್ಞಾನಿಗಳು ಸಂರಕ್ಷಿತ ಜಲಪ್ರದೇಶವೆಂದು ಕರೆಯುವುದನ್ನು ನಮ್ಮ ಹಿರಿಯರು ಭಕ್ತಿಯಿಂದ ನಡೆಸಿಕೊಂಡು ಬಂದರು.

ಇದರೊಳಗಿನ ಯುಕ್ತಿಯು ಸರಳವಾದುದು. ದೊಡ್ಡ ಹೆಣ್ಣುಮೀನು ಸಣ್ಣದಕ್ಕಿಂತ ಹಲವು ಪಾಲು ಹೆಚ್ಚು ಮೊಟ್ಟೆಯಿಡುತ್ತದೆ. ಬಲೆ ಬೀಳದ ಸ್ಥಳದಲ್ಲಿ ಅದು ಪೂರ್ಣವಾಗಿ ಬೆಳೆಯುತ್ತದೆ. ಅದರ ಸಂತತಿಯು ಹೊರಗಿನ ನೀರಿಗೂ ಹರಡಿ ಬಲೆಯನ್ನು ತುಂಬಿಸುತ್ತದೆ. ಬಡ್ಡಿಯಿಂದ ಬಾಳತಕ್ಕವನು ಮೂಲಧನವನ್ನು ಮುಟ್ಟಬಾರದಷ್ಟೆ.

ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹವಳದ ಬಂಡೆಗಳಂತಹ ತಾಣಗಳಿಗೆ ಈ ಮಾತು ನೇರವಾಗಿ ಸಲ್ಲುತ್ತದೆ. ಅಲ್ಲಿಯ ಅನೇಕ ಮೀನುಗಳು ತಮ್ಮ ಬಂಡೆಯನ್ನು ಬಿಟ್ಟು ದೂರ ಹೋಗವು. ಗುಂಪುಗುಂಪಾಗಿ ಸಂಚರಿಸುವ ಬೂತಾಯಿಗಾದರೋ ಸ್ಥಳದ ಮೀಸಲು ಸಾಲದು, ಕಾಲದ ಮೀಸಲೂ ಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳಿಗಿರುವ ನಿಷೇಧದ ಮರ್ಮವಿದೇ.

ಕಾನೂನುಗಳಿಗೇನೂ ಕೊರತೆಯಿಲ್ಲ. 1943ರಲ್ಲಿ ಬೂತಾಯಿ ಕ್ಷೀಣಿಸಿದಾಗ ಅಂದಿನ ಮದರಾಸು ಸರಕಾರವು ಮರಿಗಳನ್ನು ಹಿಡಿಯುವುದಕ್ಕೆ ನಿರ್ಬಂಧ ವಿಧಿಸಿತು. ಕೆಲವೇ ವರ್ಷಗಳಲ್ಲಿ ಅದು ರದ್ದಾಯಿತು. 1986ರಲ್ಲಿ ಕರ್ನಾಟಕವು ಕಡಲ ಮೀನುಗಾರಿಕೆಯ ನಿಯಂತ್ರಣಕ್ಕೆ ಶಾಸನ ಮಾಡಿತು. 2017ರಲ್ಲಿ ಕೇಂದ್ರ ಸರಕಾರವು ಜೋಡಿದೋಣಿಗಳಿಂದ ಬಲೆಯೆಳೆಯುವುದನ್ನೂ ಪ್ರಖರ ದೀಪಗಳಿಂದ ಮೀನನ್ನು ಸೆಳೆದು ಹಿಡಿಯುವುದನ್ನೂ ನಿಷೇಧಿಸಿತು. ಆದರೂ ದೀಪದ ದೋಣಿಗಳ ಮೇಲಣ ನಾಡದೋಣಿಯವರ ದೂರು ನಿಂತಿಲ್ಲ. ಕಾವಲಿಲ್ಲದ ಕಾನೂನು ಬೇಲಿಯಿಲ್ಲದ ಬೆಳೆಯಂತೆ.

ದೇವರ ಮೀನಿಗೂ ಈ ಮಾತು ತಪ್ಪಲಿಲ್ಲ. 1996ರಲ್ಲಿ ದುಷ್ಕರ್ಮಿಗಳು ಶಿಶಿಲದ ಹೊಳೆಗೆ ವಿಷವಿಕ್ಕಿದರು. ಸಾವಿರಾರು ಮೀನುಗಳು ಸತ್ತು ತೇಲಿದವು. ಸತ್ತ ಮೀನುಗಳಿಗೆ ಅಲ್ಲಿ ಸ್ಮಾರಕವೇ ನಿಂತಿದೆ. ಭಕ್ತಿಯೊಂದೇ ಸಾಲದೆಂದು ಆ ಸ್ಮಾರಕವು ಸಾರುತ್ತಿದೆ. ಆದರೆ ಮೀನು ನಮ್ಮದೆಂಬ ಅಭಿಮಾನವು ಊರವರಲ್ಲಿದ್ದುದರಿಂದಲೇ ಆ ಮಡುವು ಮರಳಿ ತುಂಬಿತೆಂಬುದನ್ನೂ ಮರೆಯಲಾಗದು.

ಸರಕಾರಕ್ಕೆ ನಮ್ಮ ವಿಜ್ಞಾಪನೆಯಿಷ್ಟೆ. ಕಡಲಿನಲ್ಲಿ ಮೀಸಲು ತಾಣಗಳಾಗಲಿ. ಆದರೆ ಕಚೇರಿಯ ನಕ್ಷೆಯ ಮೇಲೆ ಗೆರೆಯೆಳೆಯುವುದಕ್ಕೆ ಮೊದಲು ಮೊಗವೀರರನ್ನೂ ಖಾರ್ವಿಗಳನ್ನೂ ಕರೆದು ಕೇಳಲಿ. ಮೀನು ಎಲ್ಲಿ ಮೊಟ್ಟೆಯಿಡುವುದೆಂಬುದನ್ನು ಅವರಷ್ಟು ಬಲ್ಲವರು ಯಾರು? ಗೆರೆಯಿಂದ ದುಡಿಮೆ ಕಳೆದುಕೊಳ್ಳುವವರಿಗೆ ಪರಿಹಾರವು ತಡವಿಲ್ಲದೆ ಸಲ್ಲಲಿ. ಕಟ್ಟಳೆಯು ನಾಡದೋಣಿಗೊಂದು, ಧನಿಕರ ಯಂತ್ರದೋಣಿಗಿನ್ನೊಂದು ಆಗದಿರಲಿ. ಕಡಲ ಮಕ್ಕಳು ತಾವೇ ಕಾವಲುಗಾರರಾದ ದಿನವೇ ಮೀಸಲು ನಿಜವಾಗಿ ಮೀಸಲಾದೀತು.

ನಮಗೂ ಕರ್ತವ್ಯವಿದೆ. ಪೇಟೆಯಲ್ಲಿ ಬೆರಳುದ್ದದ ಮರಿಮೀನಿನ ರಾಶಿಯನ್ನು ಕಂಡು ಅಗ್ಗವೆಂದು ಕೈಚಾಚುವಾಗ, ನಾವು ನಾಳಿನ ಊಟವನ್ನು ಇಂದೇ ಉಣ್ಣುತ್ತಿದ್ದೇವೆಂಬ ಎಚ್ಚರವಿರಲಿ.