ಕುಡುಗೋಲಿನಂಥ ರಕ್ತಕಣ



ಹೈದರಾಬಾದಿನಲ್ಲಿ ಬೆಳೆದ ನಿಮ್ಮಲ್ಲಿ ಕೆಲವರಾದರೂ ಆದಿಲಾಬಾದಿನ ಕುಂತಾಲ ಜಲಪಾತ ನೋಡಿರುತ್ತೀರಿ. ಆ ಕಾಡಿನ ಗೊಂಡರ ಮಾತು ಗೊಂಡಿ. ಅದೂ ಕನ್ನಡದಂತೆ ದ್ರಾವಿಡ ಭಾಷೆಯೇ. ಸೋದರಮಾವ, ಸೋದರತ್ತೆಯ ಮಕ್ಕಳೊಂದಿಗೆ ಮದುವೆ ಅವರಲ್ಲಿ ರೂಢಿ. ನಮ್ಮ ಅನೇಕ ಮನೆಗಳಲ್ಲೂ ಅಷ್ಟೇ. ಇಷ್ಟು ಹತ್ತಿರದ ಈ ಜನರ ತಾಯಂದಿರನ್ನೂ ಎಳೆಗೂಸುಗಳನ್ನೂ ಕಾಡುವ ಒಂದು ರೋಗವಿದೆ: ಸಿಕಲ್ ಸೆಲ್ ಅನೀಮಿಯಾ.

ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಬೇಗ ಒಡೆಯುತ್ತದೆ. ಮೂಳೆ, ಕೀಲುಗಳಲ್ಲಿ ತಡೆಯಲಾರದ ನೋವು. ಬಸುರಿಯಾದಾಗ ರಕ್ತಹೀನತೆ ಹೆಚ್ಚಿ ತಾಯಿಗೂ ಮಗುವಿಗೂ ಅಪಾಯ. ಕೂಸಿನ ವಿಷಯವಂತೂ ಇನ್ನೂ ವಿಚಿತ್ರ. ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ಹುಟ್ಟಿದ ಮೇಲೂ ಕೆಲವು ತಿಂಗಳು ಅದನ್ನು ಕಾಪಾಡುತ್ತದೆ. ಸುಮಾರು ಆರು ತಿಂಗಳಾದ ಮೇಲೆ ಆ ರಕ್ಷಣೆ ಕಡಿಮೆಯಾಗಿ, ಕೈಕಾಲುಗಳು ಊದಿ ಮಗು ನೋವಿನಿಂದ ಅಳತೊಡಗಬಹುದು. ನಿನ್ನೆಯವರೆಗೆ ಆಡಿಕೊಂಡಿದ್ದ ಕೂಸು! ಯಾರ ಕಣ್ಣು ತಗುಲಿತೋ ಎಂದು ತಾಯಿ ದೃಷ್ಟಿ ತೆಗೆದರೆ ನಗಬೇಡಿ. ನಮ್ಮ ಅಜ್ಜಿಯರೂ ಅದನ್ನೇ ಮಾಡುತ್ತಿದ್ದರು.

ಇಂಥ ದೋಷ ತಲೆಮಾರುಗಳಿಂದ ಏಕೆ ಉಳಿದು ಬಂತು? ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ಎರಡು ವರ್ಷಗಳ ನಂತರ ಆಂಟನಿ ಆಲಿಸನ್ ಎಂಬ ವೈದ್ಯರು ಪೂರ್ವ ಆಫ್ರಿಕಾದ ಅಧ್ಯಯನದಿಂದ ಉತ್ತರ ಕೊಟ್ಟರು. ತಂದೆ ತಾಯಿಗಳಲ್ಲಿ ಒಬ್ಬರಿಂದ ಮಾತ್ರ ಈ ಗುಣ ಪಡೆದ ಮಗು ರೋಗಿಯಲ್ಲ, ವಾಹಕ. ಮಲೇರಿಯಾಕ್ಕೆ ಅದು ಸುಲಭವಾಗಿ ಬಲಿಯಾಗುವುದಿಲ್ಲ. ಅಂದರೆ ಜ್ವರದ ಕಾಡಿನಲ್ಲಿ ಮಕ್ಕಳನ್ನು ಉಳಿಸಿಕೊಟ್ಟದ್ದೂ ಇದೇ ಗುಣ. ಇಬ್ಬರಿಂದಲೂ ಬಂದಾಗ ಮಾತ್ರ ಅದು ರೋಗ. ಕಾಡು, ಸೊಳ್ಳೆ, ರಕ್ತ, ಹೆಣ್ಣು ಕೊಟ್ಟು ತರುವ ಪದ್ಧತಿ, ಎಲ್ಲವನ್ನೂ ಒಟ್ಟಿಗೆ ನೋಡುವ ವಿದ್ಯೆಗೆ ಜೈವಿಕ-ಸಾಂಸ್ಕೃತಿಕ ಮಾನವಶಾಸ್ತ್ರ ಎನ್ನುತ್ತಾರೆ. ಹೆಸರು ಉದ್ದವಾಯಿತು, ನಿಜ.

ನಮ್ಮ ಕರ್ನಾಟಕದ ಸೋಲಿಗರಲ್ಲೂ ಈ ರೋಗವಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಅವರ ನಡುವೆ ನೆಲೆಸಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಡಾ. ಎಚ್. ಸುದರ್ಶನ್ ಅವರ ಹೆಸರನ್ನು ನಿಮ್ಮ ತಂದೆ ತಾಯಿ ಕೇಳಿರುತ್ತಾರೆ.

ಈಗ ಲೆಕ್ಕಕ್ಕೆ ಬನ್ನಿ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ, ಪ್ರತಿ ಬಸಿರಿನಲ್ಲೂ ರೋಗದ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗು ಆರೋಗ್ಯವಾಗಿದ್ದರೆ ಎರಡನೆಯದಕ್ಕೆ ಭಯವಿಲ್ಲ ಎಂದಲ್ಲ. ಒಬ್ಬರು ಮಾತ್ರ ವಾಹಕರಾಗಿ, ಇನ್ನೊಬ್ಬರ ಹಿಮೋಗ್ಲೋಬಿನ್ನಿನಲ್ಲಿ ಯಾವ ದೋಷವೂ ಇಲ್ಲದಿದ್ದರೆ ಮಕ್ಕಳಿಗೆ ಈ ರೋಗ ಬಾರದು. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಆರಂಭಿಸಿದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ರಕ್ತ ಪರೀಕ್ಷಿಸಿ ಕಾರ್ಡು ಕೊಡುತ್ತಾರೆ; ಗುರಿ 2047. ಒಳ್ಳೆಯ ಕೆಲಸ. ಆದರೆ ಆ ಕಾರ್ಡು ಜಾತಕವಾದರೆ ಹೊರೆಯೆಲ್ಲ ಹೆಣ್ಣಿನ ಮೇಲೆ. "ವಾಹಕ ಹುಡುಗಿ ಬೇಡ" ಎನ್ನುವ ಮನೆಯವರು ತಮ್ಮ ಹುಡುಗನ ರಕ್ತ ಪರೀಕ್ಷೆ ಮಾಡಿಸಿದ್ದಾರೆಯೇ? ಮೊದಲು ಅದನ್ನು ಕೇಳಿ.

ನಮ್ಮ ಊರಿನಲ್ಲೇ 1998ರಿಂದ ಥಲಸೀಮಿಯಾ ಮತ್ತು ಸಿಕಲ್ ಸೆಲ್ ಸೊಸೈಟಿ ಇದೆ. ಥಲಸೀಮಿಯಾದ ಮಕ್ಕಳಿಗೆ ಮತ್ತೆ ಮತ್ತೆ ರಕ್ತ ಬೇಕು, ಸಿಕಲ್ ಸೆಲ್ ಮಕ್ಕಳಿಗೂ ಎಷ್ಟೋ ಸಲ ಬೇಕಾಗುತ್ತದೆ. ಹದಿನೆಂಟು ತುಂಬಿದವರು ಗೆಳೆಯರೊಡನೆ ಒಂದು ಭಾನುವಾರ ರಕ್ತ ಕೊಟ್ಟು ಬನ್ನಿ. ನಿಮ್ಮ ರಕ್ತವನ್ನೂ ಪರೀಕ್ಷೆ ಮಾಡಿಸಿಕೊಳ್ಳಿ.